ಅಪ್ಪನಿಗೆ ಕ್ಯಾನ್ಸರ್ ಮರುಕಳಿಸಿದೆ. ಅವರು ಡಾಕ್ಟರಿಗೆ ಕೇಳಿದ ಮೊದಲ ಪ್ರಶ್ನೆ: ಕತ್ತರಿ ಹಿಡಿಯೋಕೆ ಆಗುತ್ತಾ?

ಟೈಲರ್ ಮಗಳು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿ ಹೋಗುತ್ತಿದ್ದೆ. ಇವತ್ತು ಬರೆಯಲೇಬೇಕು ಅನಿಸಿತು.

ಅಪ್ಪನಿಗೆ 77 ವರ್ಷ. ಟೈಲರ್. "ಟೈಲರ್ ಆಗಿದ್ದರು" ಅಂದರೆ ಸಿಟ್ಟು ಬರುತ್ತದೆ ಅವರಿಗೆ. ಮೂರೂವರೆ ವರ್ಷದ ಹಿಂದೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಮೂರನೇ ಹಂತ. ಆಪರೇಷನ್ ಆಯಿತು, ಆಮೇಲೆ ಆರು ತಿಂಗಳು ಕೀಮೋ. ಅಲ್ಲಿಂದ ಎಲ್ಲ ಸರಿಯಿತ್ತು. ಕ್ಯಾನ್ಸರ್ ಮರಳಿದೆಯಾ ಅಂತ ನೋಡುವ ಸಿಇಎ ಅನ್ನುವ ರಕ್ತಪರೀಕ್ಷೆ ಮಾಡಿಸಿದಾಗಲೆಲ್ಲ 3ರ ಆಸುಪಾಸು ಬರುತ್ತಿತ್ತು. ಈ ಸಲ 6.8. ಆರು ವಾರ ಬಿಟ್ಟು ಮತ್ತೆ ನೋಡಿದರೆ 14. ಸ್ಕ್ಯಾನಿನಲ್ಲಿ ಲಿವರಿನ ಎರಡೂ ಭಾಗ ಸೇರಿ ಐದು ಗಡ್ಡೆ.

ಇಲ್ಲಿವರೆಗಿನದು ರಿಪೋರ್ಟಿನ ಕತೆ. ಇನ್ನು ನಮ್ಮ ತಪ್ಪಿನ ಕತೆ.

ಅಪ್ಪನಿಗೆ ಹೇಳುವುದು ಬೇಡ ಅಂತ ಅಣ್ಣ, ನಾನು ಸೇರಿ ತೀರ್ಮಾನ ಮಾಡಿದೆವು. "ಲಿವರ್ ಸ್ವಲ್ಪ ಊದಿಕೊಂಡಿದೆಯಂತೆ" ಅಂದೆವು. ರಿಪೋರ್ಟನ್ನು ನನ್ನ ಬೀರುವಿನಲ್ಲಿ, ಸೀರೆಗಳ ಕೆಳಗೆ ಇಟ್ಟೆ. ಎರಡು ವಾರ ಹೀಗೇ ಕಳೆಯಿತು. ಅಮ್ಮ ಇದ್ದಿದ್ದರೆ ನಮಗೆ ಎರಡು ಬಿಟ್ಟು ಹೇಳಿಬಿಡುತ್ತಿದ್ದಳು. ಅವಳು ಹೋಗಿ ಎಂಟು ವರ್ಷ ಆಯಿತು.

ಒಂದು ಸಂಜೆ ನೋಡಿದರೆ ಅಪ್ಪ ತಮ್ಮದೇ ಪ್ಯಾಂಟನ್ನು ಮಿಷಿನ್ನಿಗೆ ಹಾಕಿ ಸೊಂಟ ಹಿಡಿಯುತ್ತಿದ್ದರು. ಒಂದಲ್ಲ, ಮೂರು ಪ್ಯಾಂಟು. ತಲೆ ಎತ್ತದೆ ಕೇಳಿದರು: "ನಿಮಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

ನನಗೆ ಬಾಯಿ ಬರಲಿಲ್ಲ.

"ಮೂರು ತಿಂಗಳಲ್ಲಿ ಸೊಂಟ ಎರಡಿಂಚು ಇಳಿದಿದೆ. ಐವತ್ತೈದು ವರ್ಷ ಊರವರ ಅಳತೆ ತೆಗೆದವನು ನಾನು. ನನ್ನ ಅಳತೆ ನನಗೆ ಗೊತ್ತಾಗಲ್ವಾ?"

ಬೀರು ತೆಗೆದು ರಿಪೋರ್ಟ್ ತಂದುಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅರ್ಥವಾಗದ ಪದಗಳ ಕೆಳಗೆ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಗೆರೆ ಎಳೆದರು. ಆಮೇಲೆ ಬಾಕಿ ಉಳಿದ ಪ್ಯಾಂಟನ್ನು ಹೊಲಿದು ಮುಗಿಸಿಯೇ ಎದ್ದರು.

ಮುಂದಿನ ವಾರ ಡಾಕ್ಟರ ಭೇಟಿ ಇದೆ. ಅಣ್ಣ ದೂರದಲ್ಲಿದ್ದಾನೆ. "ಇರುವುದರಲ್ಲೇ ಸ್ಟ್ರಾಂಗ್ ಕೀಮೋ ಕೊಡಿಸು" ಅಂತ ದಿನಾ ಫೋನು. ನನಗೆ ಏನೂ ತೋಚುತ್ತಿಲ್ಲ. ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ಹೇಳಿ.

ನಡುರಾತ್ರಿ ಓದುಗ

ಅಕ್ಕಾ, ಚಾಕಿನ ಗೆರೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾವೂ ನಮ್ಮ ತಂದೆಗೆ ಮುಚ್ಚಿಟ್ಟಿದ್ದೆವು, ಕೊನೆಯವರೆಗೂ. ಅವರಿಗೂ ಗೊತ್ತಿತ್ತು ಅಂತ ಈಗ ಅನಿಸುತ್ತದೆ. ನಮಗೆ ನೋವಾಗದಿರಲಿ ಅಂತ ಅವರು ನಟಿಸಿದರು, ಅವರಿಗೆ ನೋವಾಗದಿರಲಿ ಅಂತ ನಾವು ನಟಿಸಿದೆವು. ಒಂದೇ ಮನೆಯಲ್ಲಿ ಎರಡು ನಾಟಕ. ನಿಮ್ಮದು ಎರಡು ವಾರಕ್ಕೇ ಮುಗಿಯಿತಲ್ಲ, ಅದು ಒಳ್ಳೆಯದೇ.

ಧನಾತ್ಮಕ ಜೀವಿ

ಮೇಡಂ, ಧೈರ್ಯವಾಗಿರಿ. ಎಲ್ಲ ಮನಸ್ಸಿನಲ್ಲೇ ಇರುವುದು. ಪಾಸಿಟಿವ್ ಆಗಿದ್ದರೆ ಕ್ಯಾನ್ಸರ್ ತಾನಾಗಿ ಓಡಿಹೋಗುತ್ತದೆ. ತಂದೆಯವರಿಗೆ ಹೋರಾಡಲು ಹೇಳಿ. ಸೋಲು ಒಪ್ಪಬಾರದು.

ಗಂಟಲು ಕಳಕೊಂಡವನು

ಮೇಲಿನವರಿಗೆ: ನಾನು ರೋಗಿ. ಗಂಟಲಿನ ಕ್ಯಾನ್ಸರ್, ಎರಡು ಸಲ. ನನಗೂ ಇದೇ ಮಾತು ಹೇಳಿದ್ದರು. ಎರಡನೇ ಸಲ ಬಂದಾಗ ನನ್ನ ತಲೆಗೆ ಮೊದಲು ಬಂದ ಯೋಚನೆ ಏನು ಗೊತ್ತಾ? "ನಾನು ಸಾಕಷ್ಟು ಪಾಸಿಟಿವ್ ಆಗಿರಲಿಲ್ಲವೇನೋ." ಕಾಯಿಲೆಯ ಜೊತೆಗೆ ತಪ್ಪೂ ನನ್ನದೇ ಆಯಿತು. ಮರುಕಳಿಸುವುದು ಮನಸ್ಸು ಸೋತದ್ದಕ್ಕಲ್ಲ. ಮೊದಲ ಸಲ ಸ್ಕ್ಯಾನಿಗೆ ಕಾಣದಷ್ಟು ಸಣ್ಣ ಜೀವಕೋಶಗಳು ಎಲ್ಲೋ ಉಳಿದಿರುತ್ತವೆ, ಅವು ಬೆಳೆಯುತ್ತವೆ. ಅಷ್ಟೇ.

ಮನಸ್ಸು ಗಟ್ಟಿ ಇದ್ದರೆ ದಿನ ದೂಡುವುದು ಸುಲಭ, ಇಲ್ಲ ಅನ್ನಲ್ಲ. ಆದರೆ ದಯವಿಟ್ಟು ಆ 77ರ ಮನುಷ್ಯನಿಗೆ ಹೋರಾಡು ಅಂತ ಹೇಳಬೇಡಿ. ಅವರು ಪ್ಯಾಂಟು ಹೊಲಿಯುತ್ತಿದ್ದಾರೆ. ಹೊಲಿಯಲಿ ಬಿಡಿ.

ವಾರ್ಡಿನ ವೈದ್ಯೆ

ನಾನು ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ತಂದೆಯವರನ್ನು ನಾನು ನೋಡಿಲ್ಲ, ಹಾಗಾಗಿ ಇದು ಸಲಹೆಯಲ್ಲ, ತಿಳಿವಳಿಕೆ ಅಂದುಕೊಳ್ಳಿ.

ಒಂದು, ಇದನ್ನು "ಲಿವರ್ ಕ್ಯಾನ್ಸರ್" ಅಂತ ಕರೆಯಬೇಡಿ. ಕರುಳಿನ ಕ್ಯಾನ್ಸರೇ ಲಿವರಿಗೆ ಹೋಗಿ ಕೂತಿದೆ. ಔಷಧವೂ ಕರುಳಿನದ್ದೇ. ಹೆಸರು ತಪ್ಪಾಗಿ ಹೇಳಿಕೊಂಡು ಜನ ತಪ್ಪು ವಿಷಯ ಹುಡುಕಿ ಹೆದರುತ್ತಾರೆ.

ಒಂದೋ ಎರಡೋ ಗಡ್ಡೆ ಇದ್ದು, ಜಾಗ ಸರಿಯಿದ್ದರೆ ಆಪರೇಷನ್ ಮಾಡಿ ತೆಗೆಯಬಹುದು. ಲಿವರ್ ಮತ್ತೆ ಬೆಳೆಯುವ ಅಂಗ. ಎರಡೂ ಕಡೆ ಐದು ಅಂದರೆ ಸ್ವಲ್ಪ ಕಷ್ಟ. ಆದರೂ ಲಿವರ್ ಆಪರೇಷನ್ ಮಾಡುವ ಸರ್ಜನ್ ಒಮ್ಮೆ ಸ್ಕ್ಯಾನ್ ನೋಡಲಿ ಅಂತ ಕೇಳಿ. ಗಡ್ಡೆಯ ಜೀನ್ ಪರೀಕ್ಷೆ (ಆರ್‌ಎಎಸ್, ಬಿಆರ್‌ಎಎಫ್, ಎಂಎಸ್‌ಐ) ಆಗಿದೆಯಾ ಅಂತಲೂ ಕೇಳಿ. ಯಾವ ಔಷಧ ಕೆಲಸ ಮಾಡುತ್ತದೆ, ಯಾವುದು ದಂಡ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಇನ್ನು ಅಣ್ಣನ "ಸ್ಟ್ರಾಂಗ್ ಕೀಮೋ" ವಿಷಯ. ವಯಸ್ಸಾದವರಲ್ಲಿ ಜಾಸ್ತಿ ಔಷಧ ಅಂದರೆ ಜಾಸ್ತಿ ಲಾಭ ಅಂತ ಲೆಕ್ಕವಿಲ್ಲ. ಬ್ರಿಟನ್ನಿನಲ್ಲಿ ಫೋಕಸ್2 ಅಂತ ಒಂದು ಅಧ್ಯಯನ ನಡೆಯಿತು, 2011ರಲ್ಲಿ ಪ್ರಕಟವಾಯಿತು. ವಯಸ್ಸಾದ, ದುರ್ಬಲರಾದ 459 ರೋಗಿಗಳು. ಎಲ್ಲರಿಗೂ ಮಾಮೂಲಿ ಪ್ರಮಾಣದ 80% ಕೊಟ್ಟೇ ಶುರು ಮಾಡಿದರು. ಅಲ್ಲಿ ಆಕ್ಸಾಲಿಪ್ಲಾಟಿನ್ ಅನ್ನುವ ಇನ್ನೊಂದು ಕೀಮೋ ಔಷಧ ಸೇರಿಸಿದ್ದರಿಂದ ಕಾಯಿಲೆ ತಡೆಹಿಡಿಯುವುದರಲ್ಲಿ ಖಚಿತವಾದ ಲಾಭ ಕಾಣಲಿಲ್ಲ. 2013ರ ಅವೆಕ್ಸ್ ಅಧ್ಯಯನ 70 ದಾಟಿದ 280 ಜನರದ್ದು. ಕ್ಯಾಪೆಸಿಟಾಬಿನ್ ಅನ್ನುವ ಕೀಮೋ ಮಾತ್ರೆ ಒಂದೇ ಕೊಟ್ಟವರಲ್ಲಿ ಕಾಯಿಲೆ ಸರಾಸರಿ 5.1 ತಿಂಗಳು ಮುಂದುವರಿಯದೆ ನಿಂತಿತು. ಅದರ ಜೊತೆ ಬೆವಾಸಿಜುಮಾಬ್ (ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಔಷಧ) ಕೊಟ್ಟವರಲ್ಲಿ 9.1 ತಿಂಗಳು. ಇದು ಪೂರ್ತಿ ವಾಸಿಯಾಗುವ ಮಾತಲ್ಲ, ತಡೆದಿಡುವ ಮಾತು. ಅದನ್ನು ತಂದೆಯವರ ಎದುರೇ ಸ್ಪಷ್ಟವಾಗಿ ಮಾತಾಡಿ.

77 ಅನ್ನುವ ಸಂಖ್ಯೆಗಿಂತ ಅವರು ಹೇಗಿದ್ದಾರೆ ಅನ್ನುವುದು ಮುಖ್ಯ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕು ಅಂತ ನಾವು ನೋಡುತ್ತೇವೆ. 12 ದಾಟಿದರೆ ಬೀಳುವ ಭಯ ಇದೆ ಅಂತ ಲೆಕ್ಕ. ಮನೆಯಲ್ಲೇ ನೋಡಿ.

ಟೈಲರ್ ಮಗಳು

ಡಾಕ್ಟರೇ, ತುಂಬಾ ಉಪಕಾರವಾಯಿತು. ಅಪ್ಪನನ್ನು ನಡೆಸಿ ನೋಡಿದೆ. 9 ಸೆಕೆಂಡ್. "ಇನ್ನೊಂದು ಸಲ ನೋಡು, ಎಂಟಕ್ಕೆ ಬರ್ತೀನಿ" ಅಂತ ಹಟ. ಬೇಡ ಅಂದೆ.

ಆಕ್ಸಾಲಿಪ್ಲಾಟಿನ್ ಹೆಸರು ಬಂತಲ್ಲ, ಅದರ ಬಗ್ಗೆ ಒಂದು ಮಾತು. ಹಿಂದಿನ ಸಲ ಅದನ್ನೇ ಕೊಟ್ಟಿದ್ದು. ತಣ್ಣಗಿರುವುದು ಏನು ಮುಟ್ಟಿದರೂ ಬೆರಳಿಗೆ ಕರೆಂಟು ಹೊಡೆದ ಹಾಗೆ. ಅಪ್ಪನ ದೊಡ್ಡ ಕತ್ತರಿ ಕಬ್ಬಿಣದ್ದು. ಬೆಳಗ್ಗೆ ಅದನ್ನು ಮುಟ್ಟಲು ಆಗುತ್ತಿರಲಿಲ್ಲ. ಹಿಡಿಗೆ ಬಟ್ಟೆ ಸುತ್ತಿಕೊಂಡು ಕತ್ತರಿಸುತ್ತಿದ್ದರು. ಕೀಮೋ ಮುಗಿದ ಮೇಲೆ ಬೆರಳ ತುದಿ ಮರಗಟ್ಟಿತು. ಸೂಜಿಗೆ ದಾರ ಪೋಣಿಸಲು ಒಂದೂವರೆ ವರ್ಷ ಬೇಕಾಯಿತು. ಅಷ್ಟು ದಿನ ಪೋಣಿಸಿಕೊಡುತ್ತಿದ್ದವಳು ನಾನು. ಒಂದು ದಿನ ಕರೆದು ತೋರಿಸಿದರು, ತಾವೇ ಪೋಣಿಸಿದ ಸೂಜಿ. ಆಪರೇಷನ್ ಗೆದ್ದಾಗಲೂ ಆ ಮುಖ ನೋಡಿರಲಿಲ್ಲ.

ಮೂಲಿಕೆ ಮಿತ್ರ

ನನ್ನ ಪರಿಚಯದವರೊಬ್ಬರು ಬೇರು, ಸೊಪ್ಪಿನ ಪುಡಿ ಕೊಡುತ್ತಾರೆ. ಕೀಮೋ ಬಿಟ್ಟು ಅದನ್ನು ತಗೊಂಡವರು ಎಷ್ಟೋ ಜನ ಗುಣ ಆಗಿದ್ದಾರೆ. ನಂಬರ್ ಬೇಕಾದರೆ ಹೇಳಿ.

ಹಳೇ ನರ್ಸಮ್ಮ

ನಂಬರ್ ಬೇಡಪ್ಪ. ನಿಮ್ಮ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಒಳಗೆ ಏನಿದೆ ಅಂತ ಗೊತ್ತಿಲ್ಲದ ಪುಡಿ, ಕೀಮೋ ಸೇರಿದ ಲಿವರಿನ ಮೇಲೆ ಇನ್ನೊಂದು ಹೊರೆ. ಪುಡಿ ಹಾಗಿರಲಿ, ಮಾಮೂಲಿ ವಿಟಮಿನ್ ಮಾತ್ರೆಯೇ ತೊಂದರೆ ಕೊಡಬಹುದು. ಫೋಲಿಕ್ ಆಸಿಡ್ ಇರುವ ಮಾತ್ರೆ ತಗೊಂಡರೆ ಕ್ಯಾಪೆಸಿಟಾಬಿನ್ನಿನ ಕಾಟ ಜಾಸ್ತಿಯಾಗುತ್ತದೆ. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರಾದರೆ, ಅದು ಕ್ಯಾಪೆಸಿಟಾಬಿನ್ ಜೊತೆ ಸೇರಿ ರಕ್ತಸ್ರಾವದ ಅಪಾಯ. ಏನೇ ನುಂಗಿದರೂ ಡಾಕ್ಟರಿಗೆ ಹೇಳಿ ನುಂಗಿ.

ಮಗಳೇ, ನಾನು ಮೂವತ್ತು ವರ್ಷ ಈ ಕೆಲಸ ಮಾಡಿದವಳು. ಭೇಟಿಗೆ ಹೋಗುವಾಗ ಒಂದು ಕೆಲಸ ಮಾಡು. ಅಪ್ಪನ ಕುರ್ಚಿ ಡಾಕ್ಟರ ಎದುರಿಗೆ ಇರಲಿ, ನಿನ್ನದು ಪಕ್ಕಕ್ಕೆ ಇರಲಿ. ಮಕ್ಕಳು ಎದುರಿಗೆ ಕೂತರೆ ಡಾಕ್ಟರು ಮಕ್ಕಳ ಮುಖ ನೋಡಿಯೇ ಮಾತಾಡುತ್ತಾರೆ. ಕಾಯಿಲೆ ಬಂದ ಮನುಷ್ಯ ಸಾಮಾನಿನ ಹಾಗೆ ಕೂತಿರುತ್ತಾನೆ. ಎಷ್ಟು ಸಲ ನೋಡಿದ್ದೇನೆ ಇದನ್ನು.

ಟೈಲರ್ ಮಗಳು (ಹತ್ತು ದಿನದ ನಂತರ)

ಭೇಟಿ ಆಯಿತು. ನರ್ಸಮ್ಮ ಹೇಳಿದ ಹಾಗೆ ಪಕ್ಕದಲ್ಲಿ ಕೂತೆ. ಅಣ್ಣ ಫೋನಿನಲ್ಲಿದ್ದ.

ಡಾಕ್ಟರು ಎಲ್ಲ ವಿವರಿಸಿ "ಏನಾದರೂ ಕೇಳುವುದಿದೆಯಾ?" ಅಂದರು. ನಾನು ಬರೆದುಕೊಂಡು ಹೋಗಿದ್ದ ಹದಿನಾಲ್ಕು ಪ್ರಶ್ನೆ ತೆಗೆಯುವಷ್ಟರಲ್ಲಿ ಅಪ್ಪ ಕೇಳಿದರು: "ಕತ್ತರಿ ಹಿಡಿಯೋಕೆ ಆಗುತ್ತಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಅಪ್ಪ ಕೈ ಮುಂದೆ ಚಾಚಿ ತೋರಿಸಿದರು. ಬಲಗೈ ಹೆಬ್ಬೆರಳ ಹತ್ತಿರ ಕತ್ತರಿ ಹಿಡಿದು ಗಟ್ಟಿಯಾದ ಗಂಟು ಇದೆ. ಡಾಕ್ಟರು ಆ ಕೈಯನ್ನು ಹಿಡಿದು ನೋಡಿದರು. ಆಮೇಲೆ ಇಡೀ ಮಾತಿನ ದಿಕ್ಕೇ ಬದಲಾಯಿತು. ಆಕ್ಸಾಲಿಪ್ಲಾಟಿನ್ ಸೇರಿಸಿದರೆ ಗಡ್ಡೆ ಕುಗ್ಗುವ ಸಾಧ್ಯತೆ ಸ್ವಲ್ಪ ಜಾಸ್ತಿ, ಆದರೆ ಬೆರಳು ಈ ಸಲ ವಾಪಸ್ ಬರದೇ ಹೋಗಬಹುದು ಅಂದರು. ಕ್ಯಾಪೆಸಿಟಾಬಿನ್ ಮಾತ್ರೆ ಮತ್ತು ಮೂರು ವಾರಕ್ಕೊಮ್ಮೆ ಬೆವಾಸಿಜುಮಾಬ್ ಇನ್ನೊಂದು ದಾರಿ. ಲಿವರ್ ಸರ್ಜನ್ ನೋಡಿ, ಸದ್ಯಕ್ಕೆ ಆಪರೇಷನ್ ಆಗಲ್ಲ ಅಂದಿದ್ದಾರೆ.

ಫೋನಿನಿಂದ ಅಣ್ಣ, "ಅಪ್ಪಾ, ಮೊದಲು ಜೀವ ಮುಖ್ಯ, ಬೆರಳು ಆಮೇಲೆ" ಅಂದ.

ಅಪ್ಪ ಹೇಳಿದರು, "ಬೆರಳು ಇಲ್ಲದೆ ಮೂರು ತಿಂಗಳು ಜಾಸ್ತಿ ಸಿಕ್ಕರೆ, ಆ ಮೂರು ತಿಂಗಳು ನಾನೇನು ಮಾಡ್ಲಿ? ನಿನ್ನ ಫೋನ್ ಕಾಯ್ತಾ ಕೂತ್ಕೊಳ್ಳಾ?"

ಎರಡನೇ ದಾರಿಯೇ ಆಯಿತು. ಕಿಡ್ನಿ ಸ್ವಲ್ಪ ನಿಧಾನ ಇರುವುದರಿಂದ ಮಾತ್ರೆಯ ಪ್ರಮಾಣ ಮುಕ್ಕಾಲು. ಎರಡು ವಾರ ಮಾತ್ರೆ, ಒಂದು ವಾರ ಬಿಡುವು. ಊಟವಾದ ಅರ್ಧ ಗಂಟೆಯೊಳಗೆ ನುಂಗಬೇಕು. ಅಣ್ಣ ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ.

ಮೊಂಡ ಮಗ

ಬೇಜಾರು ಮಾಡಿಕೊಳ್ಳಬೇಡಿ, ನಾನು ನಿಮ್ಮ ಅಣ್ಣನ ಪಕ್ಷ. ನಾನೂ ದೂರದಲ್ಲಿರುವ ಮಗನೇ. ಹತ್ತಿರ ಇರುವವರಿಗೆ ಮಾಡಲು ಕೆಲಸ ಇರುತ್ತದೆ. ಮಾತ್ರೆ ಕೊಡಬಹುದು, ಬೆನ್ನು ತಿಕ್ಕಬಹುದು. ನಮಗೆ ಇರುವುದು ಫೋನು ಒಂದೇ. ಅದರಲ್ಲಿ "ಇನ್ನೂ ಏನಾದರೂ ಮಾಡಿ" ಅನ್ನುವುದನ್ನು ಬಿಟ್ಟು ಇನ್ನೇನು ಹೇಳುವುದು? ಅವರಿಗೂ ಒಂದು ಕೆಲಸ ಕೊಡಿ. ಲೆಕ್ಕ ಇಡುವುದೋ, ರಿಪೋರ್ಟ್ ಜೋಡಿಸುವುದೋ. ನನಗೆ ತಂಗಿ ಹಾಗೆ ಕೊಟ್ಟ ಮೇಲೆ ಸ್ವಲ್ಪ ಸುಧಾರಿಸಿದೆ.

ಟೈಲರ್ ಮಗಳು

ಇದು ನನಗೆ ಹೊಳೆದಿರಲಿಲ್ಲ, ಸರ್. ಮಾತ್ರೆ ತಗೊಂಡ ಲೆಕ್ಕ, ಬಿಪಿ ಲೆಕ್ಕ ಇನ್ನು ಅವನದ್ದು. ದಿನಾ ಸಂಜೆ ಏಳಕ್ಕೆ ಅಪ್ಪನಿಗೆ ಅವನೇ ಫೋನ್ ಮಾಡಿ ಕೇಳಿ ಬರೆದಿಡಬೇಕು ಅಂತ ಹೇಳಿದ್ದೇನೆ.

ಟೈಲರ್ ಮಗಳು (ಏಳು ವಾರದ ನಂತರ)

ಎರಡು ಸೈಕಲ್, ಅಂದರೆ ಔಷಧದ ಎರಡು ಸುತ್ತು ಮುಗಿದವು. ಇಲ್ಲಿ ಬರೀ ಒಳ್ಳೆಯದನ್ನೇ ಬರೆದೆ ಅನ್ನಿಸಬಾರದು, ಅದಕ್ಕೆ ಇದನ್ನೂ ಬರೆಯುತ್ತೇನೆ.

ಎರಡನೇ ಸೈಕಲ್ಲಿನಲ್ಲಿ ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳಲು ಶುರುವಾಯಿತು. ಈ ಮಾತ್ರೆಯಿಂದ ಹೀಗಾಗುವುದು ಮಾಮೂಲಂತೆ. ಆದರೆ ಬೆರಳು ಉಳಿಸಿಕೊಳ್ಳಬೇಕು ಅಂತಲೇ ಆರಿಸಿಕೊಂಡ ದಾರಿಯಲ್ಲಿ ಬೆರಳಿಗೇ ಬಂತಲ್ಲ. ಅಪ್ಪ ಮೂರು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದರು. ಅಣ್ಣನ ಫೋನ್ ಎತ್ತಲಿಲ್ಲ. ನಾನು ಬೆನ್ನ ಮೇಲೆ ಕೈ ಇಟ್ಟರೆ "ಹೋಗು" ಅಂದರು. ನನಗೆ ಯಾವತ್ತೂ ಹಾಗೆ ಅಂದವರಲ್ಲ. ಟೇಪನ್ನು ಸುತ್ತಿ ಮಿಷಿನ್ನಿನ ಡ್ರಾಯರಿಗೆ ಹಾಕಿ ಬೀಗ ಹಾಕಿಬಿಟ್ಟಿದ್ದರು.

ಎಲ್ಲರೂ "ನಿಮ್ಮಪ್ಪ ಗಟ್ಟಿ ಮನುಷ್ಯ" ಅನ್ನುತ್ತಾರೆ. ಆ ಮೂರು ದಿನ ಅವರನ್ನು ನೋಡಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಅಥವಾ ಆಗಲೂ ಅನ್ನಬೇಕೇನೋ. ನನಗೆ ಗೊತ್ತಾಗಲಿಲ್ಲ.

ಗಂಟಲು ಕಳಕೊಂಡವನು

ಆಗಲೂ ಅನ್ನಬೇಕು. ನನ್ನದು ಮೂರು ದಿನ ಅಲ್ಲ, ಒಂದು ತಿಂಗಳು.

ಹಳೇ ನರ್ಸಮ್ಮ

ಮೂರು ದಿನದ ಮುನಿಸು ಮನುಷ್ಯನಿಗೆ ಇರಬೇಕಾದದ್ದೇ. ಎರಡು ವಾರ ಹಾಗೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದರೆ ಡಾಕ್ಟರಿಗೆ ಹೇಳು. ಖಿನ್ನತೆಗೂ ಔಷಧ ಇದೆ. ವಯಸ್ಸಾದವರಲ್ಲಿ ಅದನ್ನು "ಕ್ಯಾನ್ಸರ್ ಅಲ್ವಾ, ಹೀಗೇ ಇರುತ್ತೆ" ಅಂತ ಬಿಟ್ಟುಬಿಡುತ್ತಾರೆ.

ಕೈಗೆ ಯೂರಿಯಾ ಇರುವ ಮುಲಾಮು ದಿನಕ್ಕೆ ಮೂರು ಸಲ ಹಚ್ಚು. ಬಿಸಿ ನೀರಲ್ಲಿ ಕೈ ಅದ್ದುವುದು ಬೇಡ. ಬಿಗಿ ಚಪ್ಪಲಿ ಬೇಡ. ನೋವಾಗುವಷ್ಟು ಆದರೆ ಮುಂದಿನ ಡೇಟ್ ತನಕ ಕಾಯದೆ ಫೋನ್ ಮಾಡು, ಮಾತ್ರೆ ನಿಲ್ಲಿಸಿ ಕಡಿಮೆ ಮಾಡುತ್ತಾರೆ. ಜ್ವರ 38 ಡಿಗ್ರಿ, ಅಂದರೆ ಫ್ಯಾರನ್‌ಹೀಟಿನಲ್ಲಿ 100.4 ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ. ಬೇಧಿ ಮಾಮೂಲಿಗಿಂತ ದಿನಕ್ಕೆ ನಾಲ್ಕು ಸಲ ಜಾಸ್ತಿ ಆದರೂ ಅಷ್ಟೇ.

ಇನ್ನೊಂದು ಮಾತು. ನೋವು ಶಮನದ ತಂಡವನ್ನು, ಪ್ಯಾಲಿಯೇಟಿವ್ ಅನ್ನುತ್ತಾರಲ್ಲ, ಈಗಲೇ ಭೇಟಿ ಮಾಡಿ. ಅದು ಕೊನೆಗಾಲಕ್ಕೆ ಮಾತ್ರ ಅಂತ ಜನ ಹೆದರುತ್ತಾರೆ. ಅಮೆರಿಕದಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳ ಮೇಲೆ ಒಂದು ಅಧ್ಯಯನ ನಡೆದಿತ್ತು, 2010ರದ್ದು. ಮೊದಲಿನಿಂದಲೇ ಈ ತಂಡ ಜೊತೆಗಿದ್ದವರಲ್ಲಿ ಖಿನ್ನತೆ ಕಡಿಮೆ ಇತ್ತು, ಅಷ್ಟೇ ಅಲ್ಲ, ಅವರು ಸರಾಸರಿ 11.6 ತಿಂಗಳು ಬದುಕಿದರು. ಉಳಿದವರು 8.9. ಅದು ಬೇರೆ ಕ್ಯಾನ್ಸರ್, ಒಪ್ಪುತ್ತೇನೆ. ಆದರೂ ಬೇಗ ಹೋದರೆ ಆಯಸ್ಸು ಕಮ್ಮಿಯಾಗುತ್ತದೆ ಅನ್ನುವ ಭಯ ಬಿಡು.

ಟೈಲರ್ ಮಗಳು

ಫೋನ್ ಮಾಡಿದೆ. ಮಾತ್ರೆ ಒಂದು ವಾರ ನಿಲ್ಲಿಸಿ, ಪ್ರಮಾಣ ಇನ್ನಷ್ಟು ಇಳಿಸಿದರು.

ನಾಲ್ಕನೇ ದಿನ ಅಪ್ಪ ತಾವೇ ಎದ್ದರು. ನಾನು ಏನೂ ಹೇಳಿರಲಿಲ್ಲ. ಮುಲಾಮು ಹಚ್ಚಿಕೊಂಡು ಹಳೇ ಬನಿಯನ್ ಬಟ್ಟೆಯಲ್ಲಿ ಎರಡು ಕೈಗವಸು ಕತ್ತರಿಸಿದರು, ಬೆರಳಿನ ಅಳತೆಗೆ. ಹೊಲಿಯಲು ನೋವಾಗುತ್ತದೆ ಅಂತ ನನ್ನನ್ನು ಮಿಷಿನ್ನಿಗೆ ಕೂರಿಸಿದರು. ಅವರು ಹಿಂದೆ ನಿಂತು ಬೈದರು, ನಾನು ಹೊಲಿದೆ. "ಟೈಲರ್ ಮಗಳಾಗಿ ಒಂದು ನೇರ ಹೊಲಿಗೆ ಬರಲ್ವಲ್ಲ ನಿಂಗೆ." ಬೈಗುಳ ಕೇಳಿ ನನಗೆ ಅಳು ಬಂತು. ಖುಷಿಗೆ.

ಫೋನ್ ಬೆರಳಚ್ಚಿಗೆ ತೆರೆಯುತ್ತಿಲ್ಲ ಈಗ. ಚರ್ಮ ಸುಲಿದು ಬೆರಳಿನ ಗೆರೆ ಅಳಿಸಿದೆ. ಈ ಮಾತ್ರೆಯಿಂದ ಅದೂ ಆಗುತ್ತದಂತೆ. "ಇನ್ನು ಕಳ್ಳತನ ಮಾಡಿದ್ರೂ ಸಿಕ್ಕಿಬೀಳಲ್ಲ" ಅಂತ ಅಣ್ಣನಿಗೆ ಹೇಳಿ ನಗುತ್ತಿದ್ದರು.

ಅಂದ ಹಾಗೆ, ಆ ಮೂರು ಪ್ಯಾಂಟು. ಮೊನ್ನೆ ಇಸ್ತ್ರಿ ಮಾಡುವಾಗ ಒಳಮಗ್ಗುಲು ನೋಡಿದೆ. ಸೊಂಟ ಹಿಡಿದಿದ್ದಾರೆ, ಒಳಗಿನ ಬಟ್ಟೆ ಕತ್ತರಿಸಿಲ್ಲ. ಎರಡೂ ಇಂಚು ಹಾಗೇ ಮಡಚಿಟ್ಟಿದೆ. ಯಾಕಪ್ಪಾ ಅಂದರೆ, "ಯಾರ ಬಟ್ಟೆನೇ ಆಗ್ಲಿ, ಹಿಡಿಯೋವಾಗ ಕತ್ತರಿಸಬಾರದು. ಬಿಚ್ಚೋಕೆ ಬೇಕಾಗುತ್ತೆ" ಅಂದರು.

ಟೈಲರ್ ಮಗಳು (ಮೂರು ತಿಂಗಳ ಸ್ಕ್ಯಾನಿನ ನಂತರ)

ಸಿಇಎ 9ಕ್ಕೆ ಇಳಿದಿದೆ. ದೊಡ್ಡ ಗಡ್ಡೆ ಸ್ವಲ್ಪ ಕುಗ್ಗಿದೆ, ಉಳಿದವು ಇದ್ದ ಹಾಗೇ ಇವೆ. ಅಳತೆ 30% ಕಡಿಮೆಯಾದರೆ ಔಷಧಕ್ಕೆ ಬಗ್ಗಿದೆ ಅಂತ ಲೆಕ್ಕ, 20% ಜಾಸ್ತಿಯಾದರೆ ಬೆಳೆದಿದೆ ಅಂತ. ನಮ್ಮದು ನಡುವೆ. ರಿಪೋರ್ಟಿನಲ್ಲಿ "ಸ್ಟೇಬಲ್" ಅಂತ ಬರೆದಿದ್ದಾರೆ. ಅಪ್ಪನ ಭಾಷೆಯಲ್ಲಿ "ಕುಗ್ಗಿಲ್ಲ, ಹಿಗ್ಗಿಲ್ಲ, ಬಣ್ಣ ಬಿಟ್ಟಿಲ್ಲ."

ಮುಂದಿನ ಸ್ಕ್ಯಾನಿಗೆ ಇನ್ನೂ ಮೂರು ತಿಂಗಳಿದೆ.

ಚೀಲದ ಮನೆಯವರು

ಮೇಡಂ, ಪೂರ್ತಿ ಓದಿದೆ. ನಮ್ಮ ಮಾವನವರಿಗೆ ಕರುಳಿನ ಆಪರೇಷನ್ ಆಗಿ ಹೊಟ್ಟೆಯ ಎಡಗಡೆ ಸ್ಟೋಮಾ ಚೀಲ (ಮಲ ಬಂದು ಸೇರುವ ಚೀಲ) ಹಾಕಿದ್ದಾರೆ. ಯಾವ ಪ್ಯಾಂಟು ಹಾಕಿದರೂ ಅಲ್ಲೇ ಒತ್ತುತ್ತದೆ. ಹೊರಗೆ ಹೋಗುವುದನ್ನೇ ಬಿಟ್ಟಿದ್ದಾರೆ. ನಿಮ್ಮ ತಂದೆಯವರನ್ನು ಒಂದು ಮಾತು ಕೇಳಬಹುದಾ? ತೊಂದರೆ ಆಗುವುದಾದರೆ ಬೇಡ.

ಟೈಲರ್ ಮಗಳು

ತೊಂದರೆಯಾ? ಬೆಳಗ್ಗೆಯಿಂದ ಇದೇ ಮಾತು. ಕಾಗದದಲ್ಲಿ ಎರಡು ಚಿತ್ರ ಬರೆದಾಗಿದೆ. ಅವರು ಹೇಳುತ್ತಿರುವುದನ್ನು ಹಾಗೇ ಬರೆಯುತ್ತಿದ್ದೇನೆ:

"ಬೆಲ್ಟು ಬಿಟ್ಟುಬಿಡಿ. ಪಟ್ಟಿ ಚೀಲದ ಬಾಯಿ ಮೇಲೆ ಬರಬಾರದು. ಒಂದೋ ಅದಕ್ಕಿಂತ ಮೇಲೆ ಇರ್ಬೇಕು, ಇಲ್ಲಾ ಕೆಳಗೆ. ಮುಂದೆ ಎಲಾಸ್ಟಿಕ್ ಬೇಡ, ಹಿಂದೆ ಮಾತ್ರ ಹಾಕಿ. ನಿಲ್ಲದಿದ್ರೆ ಹೆಗಲ ಮೇಲೆ ಎರಡು ಪಟ್ಟಿ ಕೊಡಿ. ಒಳಗಡೆ ಮೆತ್ತಗಿನ ಹತ್ತಿ ಬಟ್ಟೆದು ಒಂದು ಜೇಬು ಹೊಲಿಸಿ, ಚೀಲದ ಭಾರ ಅದರಲ್ಲಿ ಕೂರ್ಲಿ. ಅಳತೆ ಎರಡು ಸಲ ತೆಗೀರಿ, ಚೀಲ ಖಾಲಿ ಇದ್ದಾಗ ಒಂದು, ತುಂಬಿದಾಗ ಒಂದು. ನಿಂತಾಗ ತೆಗೆದಿದ್ದು ಸಾಲ್ದು, ಕೂರಿಸೀನೂ ತೆಗೀರಿ. ತೆಗೆದು ನಮ್ಮ ಹುಡುಗಿಗೆ ಬರೆದು ಕಳಿಸಿ. ಮೊದಲನೇ ಪ್ಯಾಂಟು ನಾನೇ ಕತ್ತರಿಸ್ತೀನಿ."